ಚಿಲ್ಲರೆ

ವಾರದ ರಜೆಯ ದಿನ, ಮಂಡ್ಯದ ಹಳೇ ಟಾಕೀಸಿನಲ್ಲಿ
ಅವ್ವನನ್ನೂ ತಂಗಿಯನ್ನೂ ಕರಕೊಂಡು ಹೋಗಿ ನೋಡಿದ ಪಿಚ್ಚರು.
ಅದರಲ್ಲಿ ನಾಯಕಿ ಕಂಡಕ್ಟರು.
ನನ್ನ ಹಾಗೇ ಖಾಕಿ,
ನನ್ನ ಹಾಗಲ್ಲದೆ ಸೊಂಟಕ್ಕೆ ಅಂಟಿದ ಖಾಕಿ.
ಹೆಗಲ ಚೀಲದಲ್ಲಿ ಚಿಲ್ಲರೆಯ ಸದ್ದೇ ಇಲ್ಲ.
ಹದಿನಾಲ್ಕು ವರ್ಷ ಆ ಚೀಲ ಹೊತ್ತು
ಎಡಭುಜ ಒಂದು ಬೆರಳು ಇಳಿದುಹೋದವಳಿಗೆ
ಅಷ್ಟು ಗೊತ್ತಾಗದೇ?

ಇಂಟರ್ವಲ್ಲಿನ ತನಕ ನಾನೂ ನಕ್ಕೆ, ಸುಳ್ಳು ಹೇಳಲಾರೆ.
ಹೀರೋ ಬಂದಾಗ ನಾಲಿಗೆ ಮಡಚಿ ಸೀಟಿ ಹೊಡೆದೆ,
ತಂಗಿ ನಾಚಿ ಮುಖ ಮುಚ್ಚಿಕೊಂಡಳು.
ಆಮೇಲೆ ಅವನು
ಅವಳ ಬಾಯಿಂದ ವಿಷಲ್ ಕಿತ್ತು, ಕೆನ್ನೆಗೆ ಬಾರಿಸಿ,
‘ಸ್ಟಾಪ್ ಬಂತು, ಇಳಿ. ಇನ್ಮೇಲೆ ರೈಟ್ ಹೇಳೋನು ನಾನು’ ಅಂದ.
ಟಾಕೀಸಿಗೆ ಟಾಕೀಸೇ ಎದ್ದು ಸೀಟಿ ಹೊಡೆಯಿತು.
ನನ್ನ ನಾಲಿಗೆ ಇನ್ನೂ ಮಡಚಿಕೊಂಡೇ ಇತ್ತು,
ಬಿಡಿಸಿಕೊಳ್ಳಲು ಒಂದು ಗಳಿಗೆ ಹಿಡಿಯಿತು.

ಮಾರನೇ ದಿನದಿಂದ ಬಸ್ಸಿನ ತುಂಬ ಅದೇ.
ತೂಬಿನಕೆರೆಯಲ್ಲಿ ಹತ್ತುವ ಐಟಿಐ ಹುಡುಗರು
ನಾನು ವಿಷಲ್ ಊದಿದಾಗಲೆಲ್ಲ
ಹಿಂದಿನ ಸೀಟಿಂದ ‘ಇಳಿ, ಇಳಿ!’
ಕಾಲೇಜು ಹುಡುಗಿಯರೂ ನಗುವರು,
ಶೂನ್ಯ ಟಿಕೆಟ್ಟು ಮಡಚಿ ಪುಸ್ತಕದೊಳಗೆ ಇಡುತ್ತ.

ಡ್ರೈವರ್ ಜವರಯ್ಯ ಮೂರು ಸಲ ನೋಡಿದ್ದ.
‘ಪಿಚ್ಚರ್ನ ಪಿಚ್ಚರ್ ತರ ನೋಡ್ಬೇಕು ಕಣವ್ವ.’
‘ನನಗೆ ಹೊಡೆದಿದ್ರೆ?’
‘ನಿಂಗ್ಯಾರು ಒಡ್ದಾರು? ನೀನು ಅವ್ಳಲ್ವಲ್ಲ.’
‘ಅವಳೂ ಅವಳಲ್ಲ ಅಣ್ಣ, ಯಾರೋ ಬರೆದದ್ದು.’
ಅವನು ಗೇರು ಬದಲಿಸಿದ. ಮಾತು ಬದಲಾಗಲಿಲ್ಲ.
ಗಣಂಗೂರಿಂದ ಕಿರಂಗೂರಿನ ತನಕ ವಾದ,
ಕಳಸ್ತವಾಡಿ ಬರುವಷ್ಟರಲ್ಲಿ ಮಾತೇ ಬಂದ್.
ಮೈಸೂರಿನ ಸ್ಟ್ಯಾಂಡಿನಲ್ಲಿ ಒಂದು ಟೀ, ಎರಡು ಲೋಟ.
ದುಡ್ಡು ಅವನೇ ಕೊಟ್ಟ.
ಒಂದು ತಿಂಗಳು ಹೀಗೇ.

ಜನರ ಅಭಿಪ್ರಾಯವೆಂದರೆ
ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಬರುವ ಐನೂರರ ನೋಟು.
ಬೈದರೆ ಮುರಿಯುವುದಿಲ್ಲ.
ಹತ್ತು ಜನರಿಂದ ಹತ್ತು, ಇಪ್ಪತ್ತು ಕೂಡುವ ತನಕ
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟು
‘ಇಳಿಯುವಾಗ ಇಸ್ಕೊಳ್ಳಿ’ ಅನ್ನಬೇಕು.
ಕೆಲವರು ಮರೆತು ಇಳಿದೇಬಿಡುತ್ತಾರೆ.
ಮುರಿಯದ ನೋಟು ನನ್ನ ಜೇಬಲ್ಲೂ ಒಂದಿದೆ:
ಆ ಪಿಚ್ಚರಿನ ಹಾಡು ನನಗೆ ಇವತ್ತಿಗೂ ಇಷ್ಟ,
ಪಾತ್ರೆ ಉಜ್ಜುವಾಗ ತಾನೇ ಬಾಯಿಗೆ ಬರುತ್ತದೆ.

ಮೊನ್ನೆ ಜವರಯ್ಯನ ಪುಟ್ಟ ಸ್ಪೀಕರಿನಲ್ಲಿ ಅದೇ ಹಾಡು.
‘ಇಳಿ’ ಅನ್ನುವ ಸಾಲಿಗೆ ಮುಂಚೆಯೇ ಟಕ್ಕನೆ ಆರಿಸಿದ.
‘ಯಾಕಣ್ಣ?’
‘ಸ್ಪೀಕರ್ ಕೆಟ್ಟೋಗೈತೆ.’
ಶ್ರೀರಂಗಪಟ್ಟಣ ದಾಟಿದ ಮೇಲೆ
ಕೆಟ್ಟ ಸ್ಪೀಕರಿನಲ್ಲಿ ಭಕ್ತಿಗೀತೆ ಖಣಖಣ.
ನಾನು ಕೇಳಲಿಲ್ಲ.
ಬಂದ ಬಾಕಿಯನ್ನು ಎಲ್ಲರೆದುರು ಎಣಿಸಬಾರದು.

ಅವ್ವ ಮಾತ್ರ ಜಗ್ಗಿರಲಿಲ್ಲ.
‘ಬಾಯಿ ಜೋರು ಮಾಡುದ್ಲು, ಬಿತ್ತು’ ಅಂದಿದ್ದಳು ಅವತ್ತೇ,
ಅಪ್ಪನ ಕೈ ಎಷ್ಟು ಭಾರವೆಂದು ಗೊತ್ತಿದ್ದೂ.
ಇವತ್ತು ಕಣ್ಣಿನ ಆಸ್ಪತ್ರೆಗೆ ನನ್ನ ಬಸ್ಸಲ್ಲೇ ಬಂದಳು,
ಆಧಾರ್ ತೆಗೆದು ತೋರಿಸಿದಳು, ಹೆತ್ತ ಮಗಳಿಗೆ.
ಶೂನ್ಯ ಟಿಕೆಟ್ಟು ಹರಿದು ಕೈಗಿಟ್ಟೆ.
ಬಾಬುರಾಯನಕೊಪ್ಪಲಿನ ಹತ್ತಿರ ಅಂಗಿಯ ತುದಿ ಹಿಡಿದೆಳೆದು,
‘ಅಲ್ಲ ಕಣೆ, ಆ ಪಿಚ್ಚರ್ನಲ್ಲಿ
ಆ ಹುಡ್ಗಿ ಮದ್ವೆ ಆದ್ಮೇಲೆ ಕೆಲ್ಸುಕ್ಕೆ ಓದ್ಲಾ?’

‘ತೋರಿಸಲಿಲ್ಲ ಕಣವ್ವ.’

ಪೊರೆ ಬಂದ ಕಣ್ಣಲ್ಲಿ ಕಬ್ಬಿನ ಲಾರಿಯೊಂದನ್ನು
ಹಿಂದೆ ಸರಿಯುವ ತನಕ ನೋಡಿದಳು.
‘ಹಂಗಾರೆ ಆ ಬಸ್ನಲ್ಲಿದ್ದ ಅಷ್ಟು ಜನುಕ್ಕೆ
ಆಮೇಲೆ ಟಿಕೆಟ್ ಕೊಟ್ಟೋರ್ಯಾರು?’

ರಸ್ತೆ ಬದಿ ಯಾರೋ ಕೈ ಅಡ್ಡ ಹಿಡಿದರು.
ವಿಷಲ್ ಊದಿದೆ.
ಜವರಯ್ಯ ಬ್ರೇಕು ಹಾಕಿದ.